ಹಿಂದಿರುಗುವ ಹಡಗಿನಲ್ಲಿ ಏನಿರುತ್ತದೆ? ಮಾರಿಷಸ್‌ನ ವ್ಯಾಪಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಮಂಗಳೂರಿನವಳು. ಗೇರುಬೀಜ ಆಮದು ಮಾಡುವ ಕಚೇರಿಯೊಂದರಲ್ಲಿ ಮೂವತ್ತಮೂರು ವರ್ಷ ಹಡಗಿನ ಕಾಗದಪತ್ರ ನೋಡಿಕೊಂಡು 2019ರಲ್ಲಿ ನಿವೃತ್ತಳಾದೆ. ಮಗಳ ಕೆಲಸ ಇಲ್ಲಿ, ಮನೆ ಕ್ವಾತ್ರ್ ಬೋರ್ನ್‌ನಲ್ಲಿ. ಈಗ ನಾನೂ ಅವಳ ಜೊತೆಗೇ. ನಿಮ್ಮ ದೇಶದಲ್ಲಿ ನನಗೆ ಮತವಿಲ್ಲ. ಆದರೆ ಆಫ್ರಿಕಾದ ಬಂದರುಗಳಿಂದ ಬಂದ ಸರಕೇ ನನ್ನ ಮನೆ ನಡೆಸಿದ್ದು, ಮಗಳನ್ನು ಓದಿಸಿದ್ದು. ನಿಮ್ಮ ಸರ್ಕಾರ ಆಫ್ರಿಕಾದ ಮಾರುಕಟ್ಟೆಗಳ ಕಡೆ ಮುಖಮಾಡಿ ನಿಂತಿರುವ ಈ ಹೊತ್ತಿನಲ್ಲಿ ಆ ಋಣ ನೆನಪಾಗಿ ಬರೆಯಲು ಕೂತಿದ್ದೇನೆ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಎಲ್ಲರೂ ಓದುವಂತೆ ಬರೆದದ್ದೇಕೆಂದರೆ, ನಾನು ಹೇಳಹೊರಟ ವಿಷಯದಲ್ಲಿ ನಮ್ಮ ಕರಾವಳಿಗೂ ಪಾಲಿದೆ. ಅಲ್ಲಿನವರೂ ಓದಬೇಕು.

ನನ್ನ ಕೇಳಿಕೆ ಒಂದೇ. ಆಫ್ರಿಕಾಕ್ಕೆ ಏನೇನು ಮಾರಬಹುದು ಎಂದು ಲೆಕ್ಕ ಹಾಕುವಷ್ಟೇ ಶ್ರದ್ಧೆಯಿಂದ, ಅಲ್ಲಿಂದ ಏನೇನು ಕೊಳ್ಳಬಹುದು ಎಂದೂ ಲೆಕ್ಕ ಹಾಕಿ. ನಿಮ್ಮ ಪೋರ್ಟ್ ಲೂಯಿ ಬಂದರಿನಿಂದ ಹೊರಡುವ ಸರಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹಿಂದಿರುಗುವ ಹಡಗಿನಲ್ಲಿ ಏನಿರಬೇಕು ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಮೊದಲು ನಮ್ಮೂರಿನ ಕಥೆ ಹೇಳಿಬಿಡುತ್ತೇನೆ. ಮಂಗಳೂರು, ಕಾರ್ಕಳ, ಕುಂದಾಪುರದ ಕಡೆ ಗೇರುಬೀಜದ ಫ್ಯಾಕ್ಟರಿ ಅಂದರೆ ಹೆಂಗಸರ ದುಡಿಮೆಯ ಜಾಗ. ನನ್ನ ಅಮ್ಮ ಬೀಜ ಒಡೆಯುವ ಕೆಲಸ ಮಾಡಿದವರು. ಗೇರೆಣ್ಣೆ ತಾಗಿ ಬೆರಳ ತುದಿ ಕಪ್ಪಾಗಿ ಚರ್ಮ ಏಳುತ್ತಿತ್ತು. ರಾತ್ರಿ ಗಂಜಿಗೆ ಉಪ್ಪು ಹಾಕಿ ಕಲಸಿದರೆ ಉರಿ. ಊರಿನ ಬೀಜ ಬೇಸಿಗೆಗೆ ಬರುತ್ತದೆ, ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಉಳಿದ ದಿನ ಫ್ಯಾಕ್ಟರಿಯ ಬಾಗಿಲು ತೆರೆದಿರಬೇಕಾದರೆ ಆಫ್ರಿಕಾದ ಬೀಜ ಬರಬೇಕು. ಟಾಂಜಾನಿಯಾ, ಮೊಜಾಂಬಿಕ್‌ನ ಬೆಳೆ ಅಕ್ಟೋಬರಿನಿಂದ ಜನವರಿಯವರೆಗೆ. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವ್ ಕಡೆಯದು ಆಮೇಲೆ. "ಹಡಗು ಬಂತಂತಾ?" ಎಂದು ಅಮ್ಮ ಕೇಳುತ್ತಿದ್ದರು. ಹಡಗು ಯಾವುದು, ಎಲ್ಲಿಂದ ಬಂತು ಎಂಬುದು ಅವರಿಗೆ ಬೇಕಿರಲಿಲ್ಲ. ಹಡಗು ಬಂದರೆ ಕೆಲಸ, ಬಾರದಿದ್ದರೆ ಮನೆಯಲ್ಲಿ ಕೂರಬೇಕು.

ನಾನು ಕಚೇರಿ ಸೇರಿದ ಮೇಲೆ ಆ ಹಡಗುಗಳ ಹೆಸರು, ಊರು ಎಲ್ಲ ನನ್ನ ಮೇಜಿಗೆ ಬಂದವು. 80 ಕಿಲೋ ಚೀಲದಲ್ಲಿ ಎಷ್ಟು ಪೌಂಡು ತಿರುಳು ಸಿಗುತ್ತದೆ ಎನ್ನುವುದರ ಮೇಲೆ ಬೀಜದ ದರ ನಿಲ್ಲುತ್ತದೆ. ಅದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. ಒಂದು ಪೌಂಡು ಆಚೀಚೆಯಾದರೂ ತಿಂಗಳುಗಟ್ಟಲೆ ಪತ್ರವ್ಯವಹಾರ. ಮೊಜಾಂಬಿಕ್‌ನ ನಕಾಲ ಬಂದರಿನ ಹೆಸರನ್ನು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ. ಆ ಊರಿನಲ್ಲಿ ಏನಾಗುತ್ತಿತ್ತು ಎಂದು ಮಾತ್ರ ಬಹಳ ವರ್ಷ ಕೇಳಲಿಲ್ಲ.

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಗೇರುಬೀಜ ಬೆಳೆಯುತ್ತಿತ್ತು. ಜಗತ್ತಿನಲ್ಲೇ ಮುಂದಿದ್ದ ದೇಶ. ಸ್ವಂತ ಫ್ಯಾಕ್ಟರಿಗಳೂ ಇದ್ದವು, ಸಾವಿರಾರು ಕೆಲಸಗಾರರಿದ್ದರು. 1975ರಲ್ಲಿ ಸ್ವಾತಂತ್ರ್ಯ ಬಂತು, ಬೆನ್ನಿಗೇ 1992ರವರೆಗೆ ಅಂತರ್ಯುದ್ಧ. ಯುದ್ಧ ಮುಗಿಸಿ ಉಸಿರು ಬಿಡುವಷ್ಟರಲ್ಲಿ, ತೊಂಬತ್ತರ ದಶಕದ ನಡುವೆ, ಒಡೆಯದ ಬೀಜದ ರಫ್ತಿನ ಮೇಲಿದ್ದ ಸುಂಕ ಇಳಿಸಬೇಕೆಂದು ವಿಶ್ವಬ್ಯಾಂಕ್ ಷರತ್ತು ಹಾಕಿತು. ಇಳಿಸಿದರು. ಬೀಜ ಒಡೆಯದೆಯೇ ಹಡಗು ಹತ್ತಿತು. ದಶಕ ಮುಗಿಯುವುದರೊಳಗೆ ಅಲ್ಲಿನ ದೊಡ್ಡ ಫ್ಯಾಕ್ಟರಿಗಳಲ್ಲಿ ಹೆಚ್ಚಿನವು ಮುಚ್ಚಿದವು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲೂ ಹೆಂಗಸರು ಬಹಳ ಇದ್ದರು. ಆ ಬೀಜ ಹೋದದ್ದು ಭಾರತಕ್ಕೆ; ಮಲಬಾರಿನ ಕರಾವಳಿಗೆ, ನಮ್ಮ ಕರಾವಳಿಗೆ. ಅದರ ಕಾಗದ ಮಾಡಿದವರಲ್ಲಿ ನಾನೂ ಒಬ್ಬಳು.

ನಾವು ಕದಿಯಲಿಲ್ಲ, ದುಡ್ಡು ಕೊಟ್ಟು ಕೊಂಡೆವು. ಆದರೂ ಈ ವಿಷಯ ಓದಿ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಅಮ್ಮನ ಬೆರಳಿನಂಥ ಕಪ್ಪು ಬೆರಳು ಮೊಜಾಂಬಿಕ್‌ನ ನಂಪುಲದಲ್ಲೂ ಇದ್ದವು, ಅವಕ್ಕೆ ಕೆಲಸ ತಪ್ಪಿದ್ದರಿಂದ ಇವಕ್ಕೆ ಸಿಕ್ಕಿತು ಎಂದು ಗೊತ್ತಾದ ಮೇಲೆ ಆ ಸರಕುಪಟ್ಟಿಗಳನ್ನು ಮೊದಲಿನ ಹಾಗೆ ಓದಲಾಗಲಿಲ್ಲ. ಮೊಜಾಂಬಿಕ್ ಆಮೇಲೆ ಸುಂಕವನ್ನು ಮತ್ತೆ ಏರಿಸಿತು, ಫ್ಯಾಕ್ಟರಿಗಳನ್ನು ನಿಧಾನವಾಗಿ ಎಬ್ಬಿಸಿತು. ಇವತ್ತು ಆಫ್ರಿಕಾದ ಬೆಳೆಗಾರ ದೇಶಗಳೆಲ್ಲ ಒಡೆದೇ ಕಳುಹಿಸುತ್ತೇವೆ ಎನ್ನುತ್ತಿವೆ. ಅದರಿಂದ ನಮ್ಮ ಕರಾವಳಿಯ ಫ್ಯಾಕ್ಟರಿಗಳಿಗೆ ಕಷ್ಟ. ಅವರು ಕೇಳುತ್ತಿರುವುದು ನ್ಯಾಯ ಎಂದು ಹಾಗಿದ್ದೂ ನಾನು ಒಪ್ಪುತ್ತೇನೆ.

ನಿಮ್ಮ ದೇಶಕ್ಕೆ ಈ ಪಾಠ ಯಾಕೆ ಎಂದು ನೀವು ಕೇಳಬಹುದು. ಸುಮಾರು 12 ಲಕ್ಷ ಜನರ ದ್ವೀಪ, ಬೆಳೆದದ್ದೆಲ್ಲ ಕಬ್ಬು. ದೂರದವರು ಗೊತ್ತುಮಾಡಿದ ಬೆಲೆಯ ಮೇಲೆ ಬದುಕುವುದೆಂದರೇನು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞರು ಬಂದು ನೋಡಿ, ಈ ದ್ವೀಪದ ಭವಿಷ್ಯ ಕತ್ತಲೆ ಎಂಬ ಧಾಟಿಯಲ್ಲಿ 1961ರಲ್ಲಿ ಬರೆದರು. ನೀವು ಅದನ್ನು ಸುಳ್ಳು ಮಾಡಿದಿರಿ. 1970ರಲ್ಲಿ ರಫ್ತು ವಲಯದ ಕಾನೂನು ತಂದು ಬಟ್ಟೆ ಕಾರ್ಖಾನೆ ಎಬ್ಬಿಸಿದಿರಿ. 1975ರ ಸಕ್ಕರೆ ಒಪ್ಪಂದದಲ್ಲಿ ಯುರೋಪಿಗೆ ವರ್ಷಕ್ಕೆ ಸುಮಾರು 4.9 ಲಕ್ಷ ಟನ್ ಸಕ್ಕರೆಯನ್ನು ಒಳ್ಳೆಯ ಬೆಲೆಗೆ ಮಾರುವ ಹಕ್ಕು ಪಡೆದಿರಿ. ಆಮೇಲೆ ಒಂದೊಂದಾಗಿ ಕೈತಪ್ಪಿತು. ಬೇರೆ ದೇಶಗಳ ಜವಳಿಗೆ ಮಿತಿ ಹಾಕಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಮುಗಿಯಿತು. 2006ರಿಂದ ನಾಲ್ಕೇ ವರ್ಷದಲ್ಲಿ ಯುರೋಪು ಸಕ್ಕರೆಯ ಬೆಲೆಯನ್ನು ಶೇಕಡಾ 36ರಷ್ಟು ಇಳಿಸಿತು. 2000ದಿಂದ ಅಮೆರಿಕಕ್ಕೆ ಸುಂಕವಿಲ್ಲದೆ ಹೋಗುತ್ತಿದ್ದ ನಿಮ್ಮ ಉಡುಪಿನ ಮೇಲೂ 2025ರ ಏಪ್ರಿಲ್‌ನಲ್ಲಿ ಶೇಕಡಾ 40ರ ಸುಂಕ ಘೋಷಣೆಯಾಯಿತು. ಆಮೇಲೆ ಅದು 15ಕ್ಕೆ ಇಳಿದರೂ ಬೀಳಬೇಕಾದ ಪೆಟ್ಟು ಬಿದ್ದಾಗಿತ್ತು.

ಹೀಗಾಗಿ ಆಫ್ರಿಕಾದ ಕಡೆ ತಿರುಗಿದ್ದೀರಿ. ತಿರುಗಬೇಕಾದದ್ದೇ. ನೀವು ಆಫ್ರಿಕಾದವರೇ, ಮಡಗಾಸ್ಕರ್ ನಿಮ್ಮ ಪಕ್ಕದ ಮನೆ. ಆದರೆ ಯುರೋಪು, ಅಮೆರಿಕ ನಿಮ್ಮ ಜೊತೆ ನಡೆದುಕೊಂಡ ರೀತಿಯಲ್ಲಿ ನೀವು ಆ ನೆರೆಯವರ ಜೊತೆ ನಡೆದುಕೊಳ್ಳಬಾರದು ಎಂಬುದು ನನ್ನ ಕಳಕಳಿ.

ಒಪ್ಪಂದಗಳಿಗೆ ನಿಮ್ಮಲ್ಲಿ ಕೊರತೆಯಿಲ್ಲ. 2000ದ ಅಕ್ಟೋಬರ್ 31ರಂದು ಕೊಮೆಸಾ, ಅಂದರೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾ ಭಾಗದ ವ್ಯಾಪಾರ ಒಕ್ಕೂಟದ ದೇಶಗಳು ಮುಕ್ತ ವ್ಯಾಪಾರ ಶುರುಮಾಡಿದಾಗ ಮೊದಲ ಒಂಬತ್ತರಲ್ಲಿ ನೀವಿದ್ದಿರಿ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಒಕ್ಕೂಟವಾದ ಸಾಡಕ್‌ನಲ್ಲಿದ್ದೀರಿ. ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2018ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಸಹಿ ಬಿತ್ತು, 2021ರ ಜನವರಿ 1ರಿಂದ ಅದರಡಿ ವ್ಯಾಪಾರ ನಡೆಸಬಹುದೆಂದಾಯಿತು. 2022ರಲ್ಲಿ, ನಿಜವಾಗಿ ಸರಕು ಸಾಗಿಸಿ ನೋಡೋಣ ಎಂದು ಎಂಟು ದೇಶಗಳನ್ನು ಆರಿಸಿದಾಗ ಘಾನಾ, ಕೀನ್ಯಾ, ರುವಾಂಡಾಗಳ ಸಾಲಿನಲ್ಲಿ ನಿಮ್ಮ ಹೆಸರೂ ಇತ್ತು. ಭಾರತ ಆಫ್ರಿಕಾದ ದೇಶವೊಂದರ ಜೊತೆ ಮಾಡಿಕೊಂಡ ಮೊತ್ತಮೊದಲ ವ್ಯಾಪಾರ ಒಪ್ಪಂದವೂ ನಿಮ್ಮ ಜೊತೆಗಿನದೇ, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಕಾಗದದಲ್ಲಿ ಮುಕ್ತವಾದದ್ದು ಬಂದರಿನಲ್ಲಿ ಮುಕ್ತವಾಗಿರುವುದಿಲ್ಲ. ಅದು ನನ್ನಂಥವರಿಗೆ ಗೊತ್ತಿರುವಷ್ಟು ಸಹಿ ಹಾಕುವವರಿಗೆ ಗೊತ್ತಿರುವುದಿಲ್ಲ. ಕೊಮೆಸಾ ಒಪ್ಪಂದವಿದ್ದರೂ ಕೀನ್ಯಾ ತನ್ನ ಕಬ್ಬು ಬೆಳೆಗಾರರನ್ನು ಉಳಿಸಿಕೊಳ್ಳಲು ಎರಡು ದಶಕಕ್ಕೂ ಹೆಚ್ಚು ಕಾಲ ಹೊರಗಿನ ಸಕ್ಕರೆಗೆ ಮಿತಿ ಹಾಕುತ್ತ, ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬಂತು. ಇದರಿಂದ ನಿಮಗೆ ನೋವಾಗಿದ್ದರೆ ಅದು ಸಹಜ. ಆದರೆ ಈಜಿಪ್ಟಿನಿಂದ ಬರುವ ಬಣ್ಣದ ಮೇಲೆ 2001ರಲ್ಲಿ ಶೇಕಡಾ 40ರ ಸುಂಕವನ್ನು ಮತ್ತೆ ಹೇರಿದ್ದು ನಿಮ್ಮದೇ ದೇಶ. ಇಲ್ಲಿನ ಆಮದುದಾರರು ಕೊಮೆಸಾ ನ್ಯಾಯಾಲಯದ ಮೆಟ್ಟಿಲು ಹತ್ತಿದರು; 2013ರಲ್ಲಿ ತೀರ್ಪು ಮಾರಿಷಸ್‌ನ ವಿರುದ್ಧ ಬಂತು. ಬಾಗಿಲು ಎರಡು ಕಡೆಗೂ ತೆರೆದಿರಬೇಕು ಎಂದು ನೀವೇ ಸೇರಿಕೊಂಡ ಒಕ್ಕೂಟದ ನ್ಯಾಯಾಲಯವೇ ಹೇಳಿದಂತಾಯಿತು. ಆ ತೀರ್ಪನ್ನು ನಿಮ್ಮ ಅಧಿಕಾರಿಗಳು ಮತ್ತೊಮ್ಮೆ ಓದಲಿ ಎಂಬುದು ನನ್ನ ಪ್ರಾರ್ಥನೆ.

ಕಾಗದದ ವಿಷಯ ಬಂದದ್ದರಿಂದ ಒಂದು ಘಟನೆ ಹೇಳುತ್ತೇನೆ. ಒಂದು ವರ್ಷ ಪಶ್ಚಿಮ ಆಫ್ರಿಕಾದಿಂದ ನಮಗೆ ಬೀಜ ಬಂತು. ಮಳೆಗಾಲದ ಹೊತ್ತು. ಹಡಗಿನವರು ಸರಕಿಗೆ ಕೊಡುವ ರಸೀದಿ ಬಿಲ್ ಆಫ್ ಲೇಡಿಂಗ್‌ನಲ್ಲಿ ಚೀಲದ ಸಂಖ್ಯೆ 3,020, ಸರಕು ಯಾವ ದೇಶದ್ದೆಂದು ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿ 3,200. ಯಾರೋ ಬರೆಯುವಾಗ ಎರಡು ಅಂಕಿ ಅದಲುಬದಲು ಮಾಡಿದ್ದರು, ಅಷ್ಟೇ. ಅಷ್ಟಕ್ಕೇ ಕಂಟೈನರ್‌ಗಳು ಹತ್ತೊಂಬತ್ತು ದಿನ ಯಾರ್ಡ್‌ನಲ್ಲಿ ನಿಂತವು. ತಡವಾದದ್ದಕ್ಕೆ ದಿನಕ್ಕಿಷ್ಟೆಂದು ಕಟ್ಟಬೇಕಾದ ಡೆಮರೇಜ್ ಏರುತ್ತ ಹೋಯಿತು. ಪತ್ರ ತಿದ್ದಿ ಕಳುಹಿಸಬೇಕಾದ ಕಚೇರಿಗೆ ಫೋನ್ ಮಾಡಿದರೆ ಭಾಷೆ ಫ್ರೆಂಚ್, ನಮಗೆ ಬಾರದು, ಇಮೇಲ್‌ಗೆ ಉತ್ತರವಿಲ್ಲ. ಕೊನೆಗೆ ಆ ಬಂದರಿನಲ್ಲಿದ್ದ ಒಬ್ಬ ಗುಜರಾತಿ ವ್ಯಾಪಾರಿ ತಾನೇ ಕಚೇರಿಗೆ ಹೋಗಿ ಕೂತು, ಹೊಸ ಸರ್ಟಿಫಿಕೇಟ್ ಮಾಡಿಸಿ, ಕೊರಿಯರ್‌ನಲ್ಲಿ ಕಳುಹಿಸಿದರು. ಕಂಟೈನರ್ ತೆರೆದಾಗ ಒಳಗಿನ ಬೆವರಿಗೆ ಬೀಜಕ್ಕೆ ಬೂಷ್ಟು ಹಿಡಿದಿತ್ತು. ಆ ತಿಂಗಳು ಫ್ಯಾಕ್ಟರಿಯಲ್ಲಿ ಎಷ್ಟೋ ಮಂದಿಗೆ ಕೆಲಸವಿರಲಿಲ್ಲ.

ಸುಂಕ ಸೊನ್ನೆಯಾದರೂ ಈ ತೊಂದರೆ ತಪ್ಪುವುದಿಲ್ಲ. ತಪ್ಪಬೇಕಾದರೆ ಆ ತುದಿಯಲ್ಲಿ ನಿಮ್ಮವರೊಬ್ಬರು ಇರಬೇಕು. ರಾಜಧಾನಿಯ ರಾಯಭಾರ ಕಚೇರಿಯಲ್ಲಲ್ಲ, ಬಂದರಿನಲ್ಲೇ. ಮಡಗಾಸ್ಕರ್‌ನ ತಮಾತಾವ್, ಮೊಜಾಂಬಿಕ್‌ನ ನಕಾಲ, ಟಾಂಜಾನಿಯಾದ ದಾರ್ ಎಸ್ ಸಲಾಮ್, ಕೀನ್ಯಾದ ಮೊಂಬಾಸ, ಘಾನಾದ ತೇಮ, ಈ ಐದು ಕಡೆ ಒಬ್ಬೊಬ್ಬ ಕಾಗದ ಬಲ್ಲವರನ್ನು ಕೂರಿಸಿದರೆ ಹತ್ತು ವ್ಯಾಪಾರ ಮೇಳಗಳಿಂದಾಗದ ಕೆಲಸ ಆಗುತ್ತದೆ. ನಿಮ್ಮ ಜನಕ್ಕೆ ಇಂಗ್ಲಿಷೂ ಬರುತ್ತದೆ, ಫ್ರೆಂಚೂ ಬರುತ್ತದೆ. ಇಡೀ ಆಫ್ರಿಕಾದಲ್ಲಿ ಈ ಭಾಗ್ಯ ಎಷ್ಟು ದೇಶಗಳಿಗಿದೆ? ಪೋರ್ಚುಗೀಸ್, ಸ್ವಾಹಿಲಿ ಬಲ್ಲ ಹತ್ತಿಪ್ಪತ್ತು ಮಕ್ಕಳನ್ನು ತಯಾರು ಮಾಡುವುದು ನಿಮಗೆ ಕಷ್ಟವಲ್ಲ.

ಕ್ವಾತ್ರ್ ಬೋರ್ನ್‌ನ ಶನಿವಾರದ ಸಂತೆಯಲ್ಲಿ ಅಚಾರು ಮಾರುವ ಹೆಂಗಸೊಬ್ಬರ ಪರಿಚಯವಾಗಿದೆ. ನಮ್ಮ ಉಪ್ಪಿನಕಾಯಿಯ ತಂಗಿಯಂಥದ್ದು ಅದು. ತರಕಾರಿಯನ್ನು ಸಾಸಿವೆ, ಅರಿಶಿನ, ಎಣ್ಣೆಯಲ್ಲಿ ಕಲಸಿದ್ದು. ನೈರೋಬಿಯ ಅಂಗಡಿಯೊಂದು ಕೇಳಿದೆಯಂತೆ. "ಯಾವ ಫಾರಂ ತುಂಬಬೇಕು, ಅಮ್ಮಾ?" ಎಂದು ನನ್ನ ಮಗಳ ಮೂಲಕ ಕೇಳಿಸಿದರು. ನನಗೆ ತಕ್ಷಣ ಉತ್ತರಿಸಲಾಗಲಿಲ್ಲ. ಕೊಮೆಸಾದ ನಿಯಮದಲ್ಲಿ ಸ್ಥಳೀಯವಾಗಿ ಸೇರಿದ ಮೌಲ್ಯ ಶೇಕಡಾ 35 ಇದ್ದರೆ ಒಂದು ದಾರಿ; ಸಾಡಕ್ ದೇಶಗಳಿಗೆ ಕಳುಹಿಸುವುದಾದರೆ ಬೇರೆ ದಾರಿ, ಅಲ್ಲಿ ಉಡುಪಿಗೆ ಸುಂಕ ವಿನಾಯಿತಿ ಬೇಕಾದರೆ ಬಟ್ಟೆಯೂ ಆ ದೇಶಗಳಲ್ಲೇ ನೇಯ್ದದ್ದಾಗಿರಬೇಕು; ಖಂಡದ ಒಪ್ಪಂದದ್ದು ಇನ್ನೊಂದು. ಒಪ್ಪಂದಕ್ಕೊಂದು ದಾರಿ. ದೊಡ್ಡ ಕಂಪನಿಗೆ ವಕೀಲರಿರುತ್ತಾರೆ. ಅಚಾರಿನ ಹೆಂಗಸಿಗೆ ಯಾರಿದ್ದಾರೆ? ಅವರು ಎದುರು ಕೂತು ಮಾತಾಡಬಹುದಾದ, ಇಲ್ಲಿನ ಆಡುಮಾತು ಕ್ರಿಯೋಲಿನಲ್ಲಿ ಉತ್ತರ ಕೊಡುವ, ಫಾರಂ ತುಂಬಿಸಿಯೇ ಕಳುಹಿಸುವ ಒಂದು ಕಚೇರಿ ಪ್ರತಿ ಪಟ್ಟಣದಲ್ಲಿ ತೆರೆಯಿರಿ. ಇದಕ್ಕೆ ಹೊಸ ಒಪ್ಪಂದ ಬೇಕಿಲ್ಲ.

ಇನ್ನು ಹಿಂದಿರುಗುವ ಹಡಗಿನ ಮಾತು. ಸರಕು ಸಾಗಿಸುವವರ ಲೆಕ್ಕ ಬಹಳ ಸರಳ. ಹೋಗುವಾಗ ತುಂಬಿ, ಬರುವಾಗ ಖಾಲಿಯಾದರೆ ಎರಡೂ ದಾರಿಯ ಖರ್ಚನ್ನು ಹೋಗುವ ಸರಕೇ ಹೊರಬೇಕು. ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಸರಕು ಕಡಿಮೆಯಾಗುತ್ತದೆ, ಸರಕು ಕಡಿಮೆಯಾದರೆ ಹಡಗು ಬರುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಗುತ್ತದೆ. ಆಮೇಲೆ ಯಾರೂ ಆ ಮಾರುಕಟ್ಟೆಯನ್ನು ನಂಬುವುದಿಲ್ಲ. ದಕ್ಷಿಣ ಆಫ್ರಿಕಾದಿಂದ ನೀವು ಬೇಕಾದಷ್ಟು ತರಿಸುತ್ತೀರಿ, ಅಂಗಡಿಯ ಕಪಾಟು ನೋಡಿದರೆ ಗೊತ್ತಾಗುತ್ತದೆ. ಆದರೆ ಆಫ್ರಿಕಾ ಎಂದರೆ ದರ್ಬನ್ ಮಾತ್ರವಲ್ಲ. ಮಡಗಾಸ್ಕರ್, ಮೊಜಾಂಬಿಕ್, ಟಾಂಜಾನಿಯಾದ ರೈತರಿಂದ ಏನು ಬರುತ್ತಿದೆ?

ಉತ್ತರ ನಿಮ್ಮ ಊಟದ ತಟ್ಟೆಯಲ್ಲೇ ಅರ್ಧ ಇದೆ. ಇಲ್ಲಿಗೆ ಬಂದ ಮೊದಲ ವಾರ ಮಗಳು ಢೋಲ್ ಪುರಿ ಕೊಡಿಸಿದಳು. ಸಿಹಿ ಹಾಕದ ಬೇಳೆ ಹೋಳಿಗೆಯ ಹಾಗಿತ್ತು, ನನಗೆ ಒಂದೇ ತುತ್ತಿಗೆ ಮನೆಯ ನೆನಪಾಯಿತು. ಅದರ ಜೊತೆ ಕೊಡುವ ಸಾರಿನಲ್ಲಿ ಅವರೆಯಂಥ ದೊಡ್ಡ ಬಿಳಿ ಕಾಳು, ನಿಮ್ಮವರು ಗ್ರೋ ಪ್ವಾ ಅನ್ನುತ್ತಾರೆ. ಆ ಕಾಳು ಮಡಗಾಸ್ಕರ್‌ನ ನೈಋತ್ಯದ ಒಣನೆಲದಲ್ಲಿ ಬೆಳೆಯುವಂಥದ್ದು. ಅಲ್ಲಿನ ರೈತರು ಬಹಳ ಕಾಲದಿಂದ ಈ ದ್ವೀಪಗಳಿಗೆ ಅದನ್ನು ಮಾರುತ್ತ ಬಂದಿದ್ದಾರೆ. ಪುರಿಯ ಬೇಳೆಯೂ ಅದೇ ಸಮುದ್ರ ದಾಟಿ ಯಾಕೆ ಬರಬಾರದು? ಮೊಜಾಂಬಿಕ್, ಮಲಾವಿ, ಟಾಂಜಾನಿಯಾಗಳಲ್ಲಿ ಬೇಳೆಕಾಳು ಧಾರಾಳ. ಕಲಬುರಗಿಯಂಥ ತೊಗರಿಯ ಕಣಜವಿದ್ದೂ ಭಾರತ 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಐದು ವರ್ಷದಲ್ಲಿ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರಿಸುವ ಮಾತು ಅದರಲ್ಲಿತ್ತು. ನಮ್ಮ ರೈತರಿಗೆ ಅದರ ಬಗ್ಗೆ ತಕರಾರಿದೆ, ಅವರ ತಕರಾರು ಸುಳ್ಳಲ್ಲ. ನಿಮ್ಮಲ್ಲಿ ನಮ್ಮಷ್ಟು ತೊಗರಿ ಬೆಳೆಯುವ ರೈತರಿಲ್ಲವಾದ್ದರಿಂದ ನಿಮಗೆ ಆ ಸಂಕಟವೂ ಇಲ್ಲ. ಇಷ್ಟು ಟನ್ ಇಷ್ಟು ವರ್ಷ ಕೊಳ್ಳುತ್ತೇವೆ ಎಂದು ಮುಂಚೆಯೇ ಬರೆದುಕೊಟ್ಟರೆ ಆಚೆಯ ರೈತ ಬಿತ್ತುತ್ತಾನೆ, ಹಡಗಿನವರು ವೇಳಾಪಟ್ಟಿ ಹಾಕುತ್ತಾರೆ, ನಿಮ್ಮ ಸಕ್ಕರೆಗೂ ನೂಲಿಗೂ ಅಗ್ಗದ ಬಾಡಿಗೆ ಸಿಗುತ್ತದೆ.

2023ನೇ ಇಸವಿಯನ್ನು ನೀವು ಮರೆತಿರಲಾರಿರಿ. ಆ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಮಾರಿಷಸ್‌ಗೆ 14,000 ಟನ್ ಕೊಡಬಹುದು ಎಂದು ವಿಶೇಷ ಅನುಮತಿ ಬರಬೇಕಾಯಿತು. ಡಿಸೆಂಬರಿನಲ್ಲಿ ಈರುಳ್ಳಿಯ ಸರದಿ. ಮುಂದಿನ ವರ್ಷ 1,200 ಟನ್ನಿಗೆ ಅನುಮತಿ. ನನ್ನ ದೇಶ ನಿಮ್ಮನ್ನು ಮರೆಯಲಿಲ್ಲ ಎಂದು ಸಂತೋಷವಾಯಿತು, ನಿಜ. ಆದರೆ ಒಂದು ದೇಶದ ಅನ್ನ ಇನ್ನೊಂದು ದೇಶದ ಅನುಮತಿಗೆ ಕಾಯುವುದನ್ನು ನೋಡಿ ಹೆದರಿಕೆಯೂ ಆಯಿತು. ಟಾಂಜಾನಿಯಾ ಭತ್ತ ಬೆಳೆಯುತ್ತದೆ, ಈರುಳ್ಳಿ ಬೆಳೆಯುತ್ತದೆ. ಭಾರತದಿಂದ ಕೊಳ್ಳುವುದನ್ನು ಬಿಡಿ ಎಂದು ನಾನು ಹೇಗೆ ಹೇಳಲಿ? ಎರಡನೆಯ ಅಂಗಡಿಯೂ ಗೊತ್ತಿರಲಿ ಎನ್ನುತ್ತೇನೆ. ಪೆಟ್ರೋಲಿನ ವಿಷಯದಲ್ಲಿ ಇದೇ ಸಮುದ್ರದ ಮೇಲೆ ನೀವು ನೆಚ್ಚಿಕೆಯಿಂದ ವ್ಯಾಪಾರ ಮಾಡಿ ತೋರಿಸಿದ್ದೀರಿ. ನಮ್ಮ ಪಣಂಬೂರಿನ ಬಂದರಿನಿಂದ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆಯ ತೈಲ ಹೊತ್ತ ಹಡಗುಗಳು ವರ್ಷಗಟ್ಟಲೆ ಪೋರ್ಟ್ ಲೂಯಿಗೆ ಹೋಗಿಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ದೀರ್ಘಕಾಲದ ಖರೀದಿಯ ಮಾತು ಕೊಟ್ಟಿದ್ದರಿಂದ ಆ ದಾರಿ ಗಟ್ಟಿಯಾಯಿತು. ಮೊಂಬಾಸ, ನಕಾಲಗಳ ದಾರಿಯೂ ಹಾಗೆಯೇ ಗಟ್ಟಿಯಾಗಬೇಕು.

ಇನ್ನೊಂದು ವಿಷಯ ಹೇಳುವಾಗ ಸಂಕೋಚವಾಗುತ್ತದೆ, ಆದರೂ ಹೇಳದೆ ಬಿಡಲಾರೆ. "ಆಫ್ರಿಕಾದ ಹೆಬ್ಬಾಗಿಲು" ಎಂದು ನಿಮ್ಮ ದ್ವೀಪವನ್ನು ಕರೆಯುತ್ತಾರೆ. ಆ ಬಾಗಿಲಿನಿಂದ ಇದುವರೆಗೆ ಹೆಚ್ಚಾಗಿ ಹಾದುಹೋದದ್ದು ಸರಕಲ್ಲ, ಬಂಡವಾಳದ ಕಾಗದ. ಭಾರತದ ಜೊತೆಗಿನ 1983ರ ತೆರಿಗೆ ಒಪ್ಪಂದದ ದಾರಿಯಲ್ಲಿ ತೆರಿಗೆ ತಪ್ಪಿಸಲು ಎಷ್ಟು ಹಣ ಸುತ್ತಿಬಂತು, 2016ರಲ್ಲಿ ಅದನ್ನು ಯಾಕೆ ತಿದ್ದಬೇಕಾಯಿತು ಎಂಬುದು ನಮ್ಮ ದೇಶದಲ್ಲಿ ಪೇಪರ್ ಓದುವವರಿಗೆಲ್ಲ ಗೊತ್ತು. ಆಫ್ರಿಕಾದ ನೆರೆಯವರಿಗೂ ಅದೇ ಅಸಮಾಧಾನ. 2019ರಲ್ಲಿ ಕೀನ್ಯಾದ ಹೈಕೋರ್ಟ್ ನಿಮ್ಮೊಂದಿಗಿನ ತೆರಿಗೆ ಒಪ್ಪಂದವನ್ನು ಅನೂರ್ಜಿತಗೊಳಿಸಿತು. ಸೆನೆಗಲ್ ತನ್ನದನ್ನು ಕೈಬಿಟ್ಟಿತು, 2020ರಲ್ಲಿ ಜಾಂಬಿಯಾವೂ ಬಿಟ್ಟಿತು. 2020ರಿಂದ 2021ರ ಅಕ್ಟೋಬರ್‌ವರೆಗೆ ನಿಮ್ಮ ದೇಶ ಅಕ್ರಮ ಹಣ ತಡೆಯುವ ಅಂತಾರಾಷ್ಟ್ರೀಯ ಸಂಸ್ಥೆ ನಿಗಾ ಇಡುವ ದೇಶಗಳ ಬೂದು ಪಟ್ಟಿಯಲ್ಲೂ ಇತ್ತು. ಕಾನೂನು ಬಿಗಿಮಾಡಿ ಹೊರಬಂದಿರಿ, ಅದು ದೊಡ್ಡ ಕೆಲಸ. ಆದರೆ ಜಾಂಬಿಯಾದ ಲುಸಾಕದಲ್ಲೋ ಸೆನೆಗಲ್‌ನ ಡಕಾರಿನಲ್ಲೋ ನಿಮ್ಮ ವ್ಯಾಪಾರಿ ಹೋಗಿ ಕೂತಾಗ ಎದುರಿನವರ ಮನಸ್ಸಿನಲ್ಲಿ ಆ ಹಳೆಯ ಸಂಶಯ ಇದ್ದೇ ಇರುತ್ತದೆ. ಅವರ ರೈತನ ಬೀನ್ಸ್, ಅವರ ಕಾರ್ಖಾನೆಯ ಸೋಪು ನಿಮ್ಮ ಅಂಗಡಿಗಳಲ್ಲಿ ಕಂಡರೆ ಮಾತ್ರ ಆ ಸಂಶಯ ಹೋದೀತು.

ಬಟ್ಟೆಯ ವಿಷಯದಲ್ಲಿ ನೀವು ಆಗಲೇ ಒಳ್ಳೆಯ ದಾರಿ ಹಿಡಿದಿದ್ದೀರಿ. ತೊಂಬತ್ತರ ದಶಕದಿಂದ ನಿಮ್ಮ ಉಡುಪಿನ ಕಂಪನಿಗಳು ಮಡಗಾಸ್ಕರ್‌ನ ರಾಜಧಾನಿ ಅಂತನನರಿವೊದಲ್ಲಿ ಕಾರ್ಖಾನೆ ನಡೆಸುತ್ತಿವೆ, ಅಲ್ಲಿ ಕೆಲಸ ಸೃಷ್ಟಿಸಿವೆ. ಟಾಂಜಾನಿಯಾದ ಮೋಶಿಯ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ 2000ದಿಂದ ನಿಮ್ಮವರ ಬಂಡವಾಳವಿದೆ, ಅಲ್ಲಿನ ಕಬ್ಬು ಅಲ್ಲೇ ಸಕ್ಕರೆಯಾಗಿ ಟಾಂಜಾನಿಯಾದವರ ಚಹಾಕ್ಕೇ ಬೀಳುತ್ತದೆ. ನನಗೆ ಬೇಕಿರುವುದು ಇಂಥದ್ದು. ಆದರೆ ಮಡಗಾಸ್ಕರ್‌ನ ಹೊಲಿಗೆಯವಳ ಕೂಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಹೋದವರು, ಇನ್ನೂ ಕಡಿಮೆ ಕೂಲಿಯ ಊರು ಸಿಕ್ಕಿದ ದಿನ ಬಿಟ್ಟು ಹೊರಡುತ್ತಾರೆ. 2009ರಲ್ಲಿ ಅಲ್ಲಿ ಅಧಿಕಾರ ಕಿತ್ತುಕೊಂಡದ್ದಕ್ಕಾಗಿ ಅಮೆರಿಕ 2010ರಿಂದ ಸುಂಕ ವಿನಾಯಿತಿ ಹಿಂತೆಗೆದುಕೊಂಡಾಗ, 2014ರವರೆಗೆ, ತಪ್ಪು ಮಾಡದ ಆ ಹೆಂಗಸರೇ ಕೆಲಸ ಕಳೆದುಕೊಂಡದ್ದು. ನಿಮ್ಮ ಸರ್ಕಾರ ಹೊರದೇಶದ ಕೈಗಾರಿಕಾ ವಲಯಗಳಿಗೆ ಹಣ ಹಾಕುವಾಗ, ಅಲ್ಲಿ ಎಷ್ಟು ವರ್ಷ ಇರುತ್ತೇವೆ, ಎಷ್ಟು ಮಂದಿಗೆ ಕೆಲಸ ಕಲಿಸುತ್ತೇವೆ ಎಂಬುದನ್ನೂ ಒಪ್ಪಂದದಲ್ಲಿ ಬರೆಯಿಸಿ. ವೆನಿಲ್ಲಾ, ಲವಂಗ, ಗೇರುಬೀಜ, ಏನೇ ತಂದರೂ ಸುಲಿದು, ಒಣಗಿಸಿ, ಡಬ್ಬಿಗೆ ಹಾಕುವ ಕೆಲಸದಲ್ಲಿ ಒಂದು ಪಾಲು ಬೆಳೆದ ಊರಿನಲ್ಲೇ ಉಳಿಯಲಿ. ನಾವು ಮೊಜಾಂಬಿಕ್‌ನಲ್ಲಿ ಉಳಿಸಲಿಲ್ಲ.

ಹೋದ ತಿಂಗಳು ಮಗಳು ನನ್ನನ್ನು ಎರಡು ಕಡೆ ಕರೆದುಕೊಂಡು ಹೋದಳು. ಒಂದು ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್. 1834ರಿಂದ ಸುಮಾರು ನಾಲ್ಕೂವರೆ ಲಕ್ಷ ಭಾರತೀಯ ಕೂಲಿಗಳು ಈ ದ್ವೀಪಕ್ಕೆ ಬಂದರು. ಅವರನ್ನು ಇಳಿಸಿ, ಹೆಸರು ಬರೆದುಕೊಂಡು ತೋಟಗಳಿಗೆ ಕಳುಹಿಸುತ್ತಿದ್ದ ಕಟ್ಟೆ ಅದು. ಮೆಟ್ಟಿಲ ಮೇಲೆ ಕೂತು ಅತ್ತೆ. ಇನ್ನೊಂದು ಲೆ ಮೋರ್ನ್ ಬೆಟ್ಟ. ಮೊಜಾಂಬಿಕ್, ಮಡಗಾಸ್ಕರ್‌ಗಳಿಂದ ಸರಕಿನಂತೆ ತಂದು ಮಾರಿದ್ದ ಗುಲಾಮರು ತಪ್ಪಿಸಿಕೊಂಡು ಹತ್ತಿದ ಬೆಟ್ಟ. ಅಲ್ಲಿ ನಿಂತಾಗ ನನಗೆ ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಗಳು ನೆನಪಾದರು. ಅವರ ಹಿರಿಯರನ್ನೂ ಇದೇ ಆಫ್ರಿಕಾದಿಂದ ಹಡಗಿನಲ್ಲೇ ತಂದದ್ದು. ಇವತ್ತು ಅವರು ಕನ್ನಡ, ಕೊಂಕಣಿ ಮಾತಾಡುವ ನಮ್ಮವರು. ಈ ಸಮುದ್ರದ ಮೇಲೆ ಆಫ್ರಿಕಾದ ಜೊತೆ ಮೊದಲು ನಡೆದ ವ್ಯಾಪಾರಗಳಲ್ಲಿ ಮನುಷ್ಯರ ವ್ಯಾಪಾರವೂ ಒಂದು, ಅದರಲ್ಲಿ ಹಣ ಮಾಡಿದವರು ಒಂದೇ ಕಡೆಯವರು. ಆ ಗುಲಾಮರ ವಂಶದವರಾದ ನಿಮ್ಮ ಕ್ರಿಯೋಲ್ ಪ್ರಜೆಗಳ ಮುತ್ತಜ್ಜಂದಿರ ಊರುಗಳ ಜೊತೆ ನೀವು ಈಗ ಬೆಲೆ ಮಾತಾಡಲು ಹೊರಟಿದ್ದೀರಿ. ನಿಯೋಗದಲ್ಲಿ ಅವರಲ್ಲಿ ಎಷ್ಟು ಮಂದಿ ಇರುತ್ತಾರೆ? ನಕಾಲಕ್ಕೋ ತಮಾತಾವ್‌ಗೋ ಮುಂದಿನ ಸಲ ನಿಯೋಗ ಹೋಗುವಾಗ ದೊಡ್ಡ ಕಂಪನಿಗಳ ಯಜಮಾನರ ಜೊತೆ ಅವರ ಮಕ್ಕಳನ್ನೂ ಕರೆದೊಯ್ಯಿರಿ.

ಈ ಪತ್ರದ ಇಂಗ್ಲಿಷ್ ಪ್ರತಿಯ ಜೊತೆ ಎರಡು ಹಾಳೆ ಲಗತ್ತಿಸಿದ್ದೇನೆ. ಒಂದರಲ್ಲಿ, ಆಫ್ರಿಕಾದ ಬಂದರುಗಳಿಂದ ಸರಕು ತರಿಸುವಾಗ ಯಾವ ಯಾವ ಕಾಗದದಲ್ಲಿ ಎಂಥ ತಪ್ಪುಗಳಾಗುತ್ತವೆ, ಅವನ್ನು ಹಡಗು ಹೊರಡುವ ಮೊದಲೇ ಹೇಗೆ ಹಿಡಿಯಬಹುದು ಎಂದು ನನ್ನ ಅನುಭವದಿಂದ ಬರೆದಿದ್ದೇನೆ. ಇನ್ನೊಂದು ಅಚಾರಿನ ಹೆಂಗಸಿನ ಪರವಾಗಿ ಕೇಳಿದ ಪ್ರಶ್ನೆಗಳು, ಒಟ್ಟು ಏಳು. ನಿಮ್ಮ ಕಚೇರಿಯ ಯಾರಾದರೂ ಕೂತು ಆ ಏಳಕ್ಕೆ ಉತ್ತರ ಬರೆದು ಕಳುಹಿಸಿದರೆ ಸಾಕು, ಫ್ರೆಂಚಿನಲ್ಲಿದ್ದರೂ ಆದೀತು, ಮಗಳು ಓದಿ ಹೇಳುತ್ತಾಳೆ. ಶನಿವಾರ ಸಂತೆಗೆ ಹೋದಾಗ ಅವರ ಕೈಗೆ ಕೊಡುತ್ತೇನೆ.

ಇಂತಿ ವಂದನೆಗಳೊಂದಿಗೆ,
ಮಂಗಳೂರಿನ ಒಬ್ಬ ನಿವೃತ್ತ ಶಿಪ್ಪಿಂಗ್ ಕ್ಲರ್ಕ್
ಕ್ವಾತ್ರ್ ಬೋರ್ನ್, ಮಾರಿಷಸ್